ಹೊಟ್ಟೆಯ ಮೇಲಿನ ಬಾಯಿ ಕಟ್ಟಿಕೊಂಡಾಗ

ಮುದ್ದೆಯನ್ನು ಜಗಿಯಬಾರದು, ನುಂಗಬೇಕು. ಪಾವಗಡ ಸೀಮೆಯ ಮನೆಗಳಲ್ಲಿ ಮಗು ತಟ್ಟೆಯ ಮುಂದೆ ಕೂರುವುದನ್ನು ಕಲಿಯುವಾಗಲೇ ಈ ಮಾತು ಕಿವಿಗೆ ಬೀಳುತ್ತದೆ. ಮುದ್ದೆಯ ಅಂಚು ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಒಂದೇ ಗುಟುಕಿಗೆ ಗಂಟಲಿಳಿಯಬೇಕು. ತುತ್ತಿಗೆ ಅಂಟಿದ ನಾಲ್ಕು ಅವರೆಕಾಳು, ಒಂದೆಳೆ ಸೊಪ್ಪು, ಒಂದು ಚೂರು ಬಾಡು ಕೂಡ ಹಲ್ಲಿಗೆ ಸಿಗದೆ ಅದರೊಟ್ಟಿಗೇ ಇಳಿಯುತ್ತವೆ. ಕರುಳು ಸರಿಯಿದ್ದವರಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ಆಪರೇಷನ್ ಆಗಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊಲಿಸಿಕೊಂಡು, ಅದಕ್ಕೊಂದು ಚೀಲ ಅಂಟಿಸಿಕೊಂಡು ಊರಿಗೆ ಮರಳಿದವರಿಗೆ ಅದೇ ನಾಲ್ಕು ಕಾಳು ರಾತ್ರಿಯಿಡೀ ನರಳಿಸಬಲ್ಲವು.

ವೈ.ಎನ್.ಹೊಸಕೋಟೆ ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರ. ರೇಷ್ಮೆ ಸೀರೆಯ ಮಗ್ಗಗಳಿಗೆ ಹೆಸರಾದ ಊರು, ಸುತ್ತಲೂ ಕಡ್ಲೆಕಾಯಿ ಹೊಲ. ಜಿಲ್ಲಾ ಕೇಂದ್ರವಾದ ತುಮಕೂರು ನೂರು ಕಿಲೋಮೀಟರಿಗೂ ಆಚೆ, ಬೆಂಗಳೂರು ನೂರೈವತ್ತಕ್ಕೂ ಆಚೆ. ಆಪರೇಷನ್ ಮಾಡಿದ ವೈದ್ಯರು ಅಷ್ಟು ದೂರದಲ್ಲಿರುವಾಗ, ನೋವು ಶುರುವಾದ ಮೊದಲ ಕೆಲವು ಗಂಟೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮನೆಯವರಿಗೆ ತಿಳಿದಿರಲೇಬೇಕು. ಈ ಲೇಖನ ಅವರಿಗಾಗಿ.

ಸ್ಟೋಮಾ ಎಂದರೇನು

ಸ್ಟೋಮಾ ಗ್ರೀಕ್ ಪದ, ಬಾಯಿ ಎಂದರ್ಥ. ಮಲ ಗುದದ್ವಾರಕ್ಕೆ ಹೋಗದಂತೆ ದಾರಿ ತಿರುಗಿಸಿ, ಹೊಟ್ಟೆಯ ಮೇಲೆ ತೆರೆದ ಬಾಯಿ ಅದು. ಸಣ್ಣ ಕರುಳಿನ ಕೊನೆಯ ಭಾಗವನ್ನು ಹೊರತಂದರೆ ಇಲಿಯಾಸ್ಟಮಿ. ಸಾಮಾನ್ಯವಾಗಿ ಹೊಕ್ಕುಳಿನ ಬಲಕ್ಕೆ, ಕೆಳಗೆ ಇರುತ್ತದೆ. ದೊಡ್ಡ ಕರುಳನ್ನು ತಂದರೆ ಕೊಲಾಸ್ಟಮಿ, ಹೆಚ್ಚಾಗಿ ಎಡಕ್ಕೆ. ಇಲಿಯಾಸ್ಟಮಿಯಿಂದ ಗಂಜಿಯಂಥ ಮಲ ಹಗಲೂ ರಾತ್ರಿ ಹರಿಯುತ್ತದೆ. ಎಡಭಾಗದ ಕೊಲಾಸ್ಟಮಿಯಿಂದ ಗಟ್ಟಿ ಮಲ ದಿನಕ್ಕೆ ಒಂದೆರಡು ಸಲ ಬರುತ್ತದೆ.

ಗುದನಾಳದ ಕ್ಯಾನ್ಸರ್, ಕರುಳಿನ ಕ್ಷಯ, ಟೈಫಾಯ್ಡಿನಿಂದ ತೂತಾದ ಕರುಳು, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆ, ಅಪಘಾತದ ಪೆಟ್ಟು, ಗುದದ್ವಾರವೇ ಇಲ್ಲದೆ ಹುಟ್ಟಿದ ಶಿಶು, ಹೀಗೆ ಸ್ಟೋಮಾ ಮಾಡಲು ಕಾರಣಗಳು ಹಲವು. ಕೆಲವರಿಗೆ ತಿಂಗಳುಗಳ ಮಟ್ಟಿಗೆ, ಕೆಲವರಿಗೆ ಜೀವನಪೂರ್ತಿ. ಸ್ಟೋಮಾ ಆರೋಗ್ಯವಾಗಿದ್ದರೆ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋಯುವ ನರಗಳು ಅದರಲ್ಲಿಲ್ಲ. ಆದ್ದರಿಂದ ಚೀಲದ ಅಂಚು ಕೊರೆದು ಗಾಯವಾದರೂ ಗೊತ್ತಾಗುವುದಿಲ್ಲ, ಕಣ್ಣಲ್ಲೇ ನೋಡಿ ತಿಳಿಯಬೇಕು. ಅದರ ಬಣ್ಣವನ್ನು ದಿನವೂ ನೋಡಿಕೊಳ್ಳುವ ಅಭ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಯಾಕೆ ಕಟ್ಟಿಕೊಳ್ಳುತ್ತದೆ

ಹೊಟ್ಟೆಯ ಗೋಡೆಯಲ್ಲಿ ಸ್ನಾಯುವಿನ ಜೊತೆ ಹಿಗ್ಗದ ಒಂದು ಗಟ್ಟಿ ಪೊರೆಯಿದೆ. ಶಸ್ತ್ರವೈದ್ಯರು ಆ ಪೊರೆಯಲ್ಲಿ ಸುಮಾರು ಎರಡು ಬೆರಳು ಹಿಡಿಸುವಷ್ಟು ಕಿಂಡಿ ಮಾಡಿ ಅದರೊಳಗಿಂದ ಕರುಳನ್ನು ಹೊರಗೆಳೆದಿರುತ್ತಾರೆ. ಕರುಳು ಹಿಗ್ಗುತ್ತದೆ, ಕಿಂಡಿ ಹಿಗ್ಗುವುದಿಲ್ಲ. ಅರಗದ ನಾರು, ಸಿಪ್ಪೆ, ಬೀಜ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗಿ ಬಂದರೆ ಮೋರಿಯ ಜಾಲರಿಗೆ ಕಸ ಸಿಕ್ಕಂತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲಿಯಾಸ್ಟಮಿ ಇರುವವರಲ್ಲಿ ಆಗಾಗ ಕಾಣುವ ತಡೆ ಇದೇ, ಆಹಾರದ ತಡೆ. ಆಪರೇಷನ್ ಆದ ಮೊದಲ ಆರರಿಂದ ಎಂಟು ವಾರ ಕರುಳೇ ಊದಿಕೊಂಡಿರುವುದರಿಂದ ದಾರಿ ಇನ್ನೂ ಕಿರಿದು. ಆಗಲೇ ಹೆಚ್ಚು ಜೋಪಾನ ಬೇಕು.

ಎರಡನೆಯ ಕಾರಣಕ್ಕೂ ಊಟಕ್ಕೂ ಸಂಬಂಧವಿಲ್ಲ. ಹೊಟ್ಟೆ ಕೊಯ್ದ ಮೇಲೆ ಒಳಗಿನ ಗಾಯ ಮಾಯುವಾಗ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಆ ಅಂಟು ಪಟ್ಟಿಯಂತೆ ಬಿಗಿದೋ, ಕರುಳು ಅದಕ್ಕೆ ನುಲಿದುಕೊಂಡೋ ದಾರಿ ಮುಚ್ಚುತ್ತದೆ. ಆಪರೇಷನ್ ಆಗಿ ವರ್ಷಗಳ ಮೇಲೂ ಹೀಗಾಗಬಹುದು. ಸ್ಟೋಮಾದ ಪಕ್ಕದಿಂದ ಇನ್ನೊಂದು ಕರುಳ ಸುರುಳಿ ಹೊರಕ್ಕೆ ಉಬ್ಬುವ ಹರ್ನಿಯಾ, ಸ್ಟೋಮಾದ ಬಾಯಿಯೇ ಗಾಯದ ಕಲೆಯಿಂದ ಕಿರಿದಾಗುವುದು, ಹಳೆಯ ಕಾಯಿಲೆ ಮರಳುವುದು ಉಳಿದ ಕಾರಣಗಳು. ಎಷ್ಟು ಜಗಿದರೂ ಪದೇಪದೇ ಕಟ್ಟಿಕೊಳ್ಳುತ್ತಿದ್ದರೆ ಇವುಗಳಲ್ಲಿ ಒಂದಿದೆಯೇ ಎಂದು ಪರೀಕ್ಷೆ ಮಾಡಿಸಲೇಬೇಕು.

ಹಿಂದೆ ಈ ಕಷ್ಟ ಇನ್ನೂ ಭೀಕರವಾಗಿತ್ತು. ಕರುಳಿನ ತುದಿಯನ್ನು ಹಾಗೇ ಹೊರಗೆ ಬಿಡುತ್ತಿದ್ದುದರಿಂದ ಅದರ ಹೊರಮೈ ಮಲದ ಉರಿಗೆ ಉರಿಯೂತಗೊಂಡು, ಬಿರುಸಾಗಿ, ಬಾಯಿ ಕಟ್ಟಿಕೊಳ್ಳುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ರಯನ್ ಬ್ರೂಕ್ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದಂತೆ ಒಳಮೈ ಹೊರಗಾಗಿಸಿ ಚರ್ಮಕ್ಕೆ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಇವತ್ತಿಗೂ ಇಲಿಯಾಸ್ಟಮಿ ಮಾಡುವುದು ಹಾಗೆಯೇ. ಅದಾದ ಎರಡು ವರ್ಷಕ್ಕೆ, 1954ರಲ್ಲಿ, ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್ ತನ್ನ ತಂಗಿ ಸ್ಟೋಮಾ ಇಟ್ಟುಕೊಂಡು ಮನೆಯಿಂದ ಹೊರಗೆ ಕಾಲಿಡಲು ಹೆದರುವುದನ್ನು ನೋಡಲಾರದೆ, ಮೈಗೆ ಅಂಟುವ ಚೀಲವನ್ನು ಯೋಚಿಸಿದಳು. ಇವತ್ತು ಹೊಸಕೋಟೆಯ ನೇಕಾರರೊಬ್ಬರು ಸೊಂಟದ ಬಳಿ ಅಂಟಿಸಿಕೊಳ್ಳುವ ಚೀಲದ ಮೂಲ ಆ ಅಕ್ಕನ ಸಂಕಟದಲ್ಲಿದೆ.

ಸಂಕ್ರಾಂತಿಯ ತಟ್ಟೆ

ಇಲಿಯಾಸ್ಟಮಿಯವರಿಗೆ ತಡೆಯಾಗಿಸುವ ಆಹಾರದ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕೊಟ್ಟಿರುತ್ತಾರೆ. ಅದರಲ್ಲಿ ಅಣಬೆ, ಪಾಪ್‌ಕಾರ್ನ್ ಇತ್ಯಾದಿ ಇರುತ್ತವೆ. ನಮ್ಮ ಕಡೆಯವರು ಅದನ್ನು ಓದಿ, ಇದೆಲ್ಲ ನಾವೆಲ್ಲಿ ತಿನ್ನುತ್ತೇವೆ ಎಂದು ಮಡಚಿಡುತ್ತಾರೆ. ಆದರೆ ಸಂಕ್ರಾಂತಿಯ ದಿನ ಬೀರಲು ಇಟ್ಟ ತಟ್ಟೆಯನ್ನೊಮ್ಮೆ ನೋಡಿ. ಎಳ್ಳು, ಬೆಲ್ಲ, ಸಣ್ಣಗೆ ಹೆಚ್ಚಿದ ಒಣಕೊಬ್ಬರಿ, ಕಡ್ಲೆಬೀಜ, ಹುರಿಗಡಲೆ, ಪಕ್ಕದಲ್ಲಿ ಕಬ್ಬಿನ ತುಂಡು, ಬೇಯಿಸಿದ ಅವರೆಕಾಯಿ. ಬೆಲ್ಲವೊಂದನ್ನು ಬಿಟ್ಟು ಉಳಿದೆಲ್ಲವೂ ಆ ಪಟ್ಟಿಗೆ ಸೇರಿದವೇ. ಕಡ್ಲೆಕಾಯಿ ಕೀಳುವ ಕಾಲದಿಂದ ಸಂಕ್ರಾಂತಿಯವರೆಗೆ, ಹೊಲದ ಬದುವಿನಲ್ಲಿ ಸುಟ್ಟದ್ದು, ಮನೆಯಲ್ಲಿ ಬೇಯಿಸಿದ್ದು ಎಂದು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ತಿಂಗಳುಗಳಲ್ಲಿ ಎಚ್ಚರ ಹೆಚ್ಚು ಬೇಕು.

ಇವುಗಳನ್ನು ಜೀವನಪೂರ್ತಿ ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ನನ್ನ ಮಟ್ಟಿಗೆ ಅದು ಸರಿಯಾದ ಸಲಹೆಯಲ್ಲ. ಊಟದ ರುಚಿ ಕಳೆದುಕೊಂಡವರು ಬಲವನ್ನೂ ಕಳೆದುಕೊಳ್ಳುತ್ತಾರೆ. ರೂಪ ಬದಲಿಸಿದರೆ ಬಹಳಷ್ಟು ಪದಾರ್ಥ ಉಳಿಯುತ್ತವೆ, ಮತ್ತು ಆ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ಹಿತಕಿದ ಬೇಳೆಯನ್ನೇ ತೆಗೆದುಕೊಳ್ಳಿ. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಕಾಳನ್ನು ಒತ್ತಿದರೆ ಹಸಿರು ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕಿಂಡಿಯಲ್ಲಿ ಸಿಕ್ಕಿಕೊಳ್ಳುವುದು ಆ ಸಿಪ್ಪೆಯೇ. ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ ಮಾಡಿದ ಸಾರು ಇಡೀ ಕಾಳಿನ ಸಾರಿಗಿಂತ ಎಷ್ಟೋ ಸುರಕ್ಷಿತ. ಗ್ಯಾಸ್ ಆಗಬಹುದು, ಅದು ಬೇರೆ ಮಾತು. ಕಡ್ಲೆಬೀಜವನ್ನು ಹುರಿದು, ಸಿಪ್ಪೆ ಉದುರಿಸಿ, ನೀರು ಬೆರೆಸಿ ಬೆಣ್ಣೆಯಂತೆ ಅರೆದ ಚಟ್ನಿ ಹಿಡಿಗಟ್ಟಲೆ ಬೀಜ ತಿಂದಂತಲ್ಲ. ಕಾಯಿತುರಿಯನ್ನು ಹಾಗೇ ಉದುರಿಸುವ ಬದಲು ನುಣ್ಣಗೆ ಅರೆದು ಬಳಸಿ, ಅಥವಾ ಹಾಲು ಹಿಂಡಿ ಬಳಸಿ.

ಸೊಪ್ಪು ಬಸಿದು ಮಾಡುವ ಬಸ್ಸಾರಿನಲ್ಲಿ ಕಟ್ಟು ಇಲಿಯಾಸ್ಟಮಿಯವರಿಗಿರಲಿ, ಪಲ್ಯ ಮನೆಯವರಿಗಿರಲಿ. ಸೊಪ್ಪಿನ ಸಾರು ಮಾಡಿದರೆ ದಂಟು ತೆಗೆದು, ಎಲೆಯನ್ನು ಬೇಯಿಸಿ ಮಸೆದುಬಿಡಿ. ನುಗ್ಗೆಕಾಯಿಯ ತಿರುಳನ್ನು ಚಮಚದಲ್ಲಿ ಕೆರೆದು ತಿನ್ನಬಹುದು, ನಾರನ್ನು ನುಂಗುವಂತಿಲ್ಲ. ಕಿತ್ತಳೆಯ ತೊಳೆಯ ಪೊರೆ, ಸೀಬೆಯ ಬೀಜ, ಹಲಸಿನ ತೊಳೆ, ಟೊಮೆಟೊ ಸಿಪ್ಪೆ, ಒಣದ್ರಾಕ್ಷಿ, ಮುಸುಕಿನ ಜೋಳದ ತೆನೆ ಇವೂ ಸಿಕ್ಕಿಕೊಳ್ಳುವಂಥವೇ.

ಇನ್ನು ಮುದ್ದೆ. ರಾಗಿ ಹಿಟ್ಟಾಗಿ ಬಂದದ್ದು, ಚೆನ್ನಾಗಿ ಬೆಂದದ್ದು. ಮೊದಲ ಎರಡು ತಿಂಗಳು ಕಳೆದ ಮೇಲೆ ವೈದ್ಯರು ಒಪ್ಪಿದರೆ ಬಿಡಬೇಕಿಲ್ಲ. ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಮೊದಲು ಸಣ್ಣ ಮುದ್ದೆಯಿಂದ ಶುರುಮಾಡಿ. ಆದರೆ ಜೊತೆಗೆ ಹೋಗುವುದನ್ನು ಬೇರೆಯಾಗಿಯೇ ತಿನ್ನಬೇಕು. ಮುದ್ದೆಯನ್ನು ತಿಳಿಸಾರಿಗೆ ಅದ್ದಿ ನುಂಗಿ. ಕಾಳು, ತರಕಾರಿ, ಬಾಡನ್ನು ತಟ್ಟೆಯ ಮಗ್ಗುಲಿಗೆ ಎತ್ತಿಟ್ಟುಕೊಂಡು ಬಾಯಲ್ಲಿ ಗಂಜಿಯಾಗುವವರೆಗೆ, 20ರಿಂದ 30 ಸಲ ಜಗಿದು ತಿನ್ನಿ. ಅರವತ್ತು ವರ್ಷ ನುಂಗಿ ಅಭ್ಯಾಸವಾದವರಿಗೆ ಇದು ಬಲು ಕಷ್ಟ. ಹಲ್ಲಿಲ್ಲದ ಹಿರಿಯರಿಗೆ ಇನ್ನೂ ಕಷ್ಟ, ಅವರಿಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿಯೇ ಕೊಡಬೇಕು.

ಹೊಸ ಪದಾರ್ಥವನ್ನು ಒಂದು ಸಲಕ್ಕೆ ಒಂದೇ, ಸ್ವಲ್ಪವೇ ತಿಂದು ಎರಡು ಮೂರು ದಿನ ನೋಡಿ. ರಾತ್ರಿ ಊಟದಲ್ಲಿ ಹೊಸದನ್ನು ಪರೀಕ್ಷಿಸಬೇಡಿ. ಕಟ್ಟಿಕೊಂಡರೆ ನಡುರಾತ್ರಿಯಲ್ಲಿ ಬಸ್ಸಿರುವುದಿಲ್ಲ.

ಯಾವ ನೋವು

ಹೊಟ್ಟೆ ನೋವೆಲ್ಲ ತಡೆಯಲ್ಲ. ಗ್ಯಾಸಿನ ನೋವಾದರೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಚೀಲ ಗಾಳಿಯಿಂದ ಉಬ್ಬುತ್ತದೆ, ಗಾಳಿ ಹೋದ ಮೇಲೆ ಹಗುರಾಗುತ್ತದೆ. ಹುರುಳಿ, ಎಲೆಕೋಸು, ಸೋಡಾ, ಗಬಗಬ ತಿನ್ನುವುದು, ಬೀಡಿ ಎಳೆಯುವುದು ಅದನ್ನು ಹೆಚ್ಚಿಸುತ್ತವೆ. ಗುದನಾಳ ತೆಗೆದವರಿಗೂ ಮಲಕ್ಕೆ ಅವಸರವಾದಂತೆ ಅನ್ನಿಸುವುದುಂಟು. ಅಂಗವಿಲ್ಲದಿದ್ದರೂ ನರಗಳ ನೆನಪು ಉಳಿದಿರುತ್ತದೆ. ಗುದನಾಳ ಉಳಿಸಿಕೊಂಡವರಲ್ಲಿ ಲೋಳೆ ಸೇರಿಕೊಂಡು ಕೆಳಗೆ ಭಾರವೆನಿಸುತ್ತದೆ. ಶೌಚಕ್ಕೆ ಕುಳಿತು ಮೆಲ್ಲಗೆ ಮುಕ್ಕಿದರೆ ಅದು ಹೊರಬರುತ್ತದೆ, ಗಾಬರಿ ಬೇಡ.

ತಡೆಯ ನೋವಿನ ನಡೆಯೇ ಬೇರೆ. ಬಟ್ಟೆ ಹಿಂಡಿದಂತೆ ನುಲಿದು ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಚೀಲಕ್ಕೆ ಬರುವುದು ಕಡಿಮೆಯಾಗುತ್ತದೆ, ಹೊಟ್ಟೆ ಬಿಗಿಯುತ್ತದೆ, ಸ್ಟೋಮಾ ಊದಿಕೊಳ್ಳುತ್ತದೆ, ಓಕರಿಕೆ ಬರುತ್ತದೆ.

ಇಲ್ಲೊಂದು ಮೋಸವಿದೆ. ತಡೆ ಅರ್ಧ ಮಾತ್ರ ಇದ್ದಾಗ ಗಟ್ಟಿ ಪದಾರ್ಥ ಹಿಂದೆ ನಿಂತು, ಅದರ ಸಂದಿನಿಂದ ನೀರಿನಂಥದ್ದು ಚಿಮ್ಮುತ್ತದೆ, ಕೆಟ್ಟ ವಾಸನೆ ಇರುತ್ತದೆ. ನೋಡಿದವರು ಭೇದಿ ಎಂದುಕೊಂಡು ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ತಂದು ಕೊಡುತ್ತಾರೆ. ಕರುಳಿನ ಚಲನೆಯನ್ನು ಆ ಮಾತ್ರೆ ತಗ್ಗಿಸುವುದರಿಂದ ಅರ್ಧ ತಡೆ ಪೂರ್ತಿಯಾಗಬಹುದು. ನುಲಿಯುವ ನೋವಿನ ಜೊತೆ ನೀರಿನಂತೆ ಹೋಗುತ್ತಿದ್ದರೆ ಮೊದಲು ತಡೆಯನ್ನೇ ಅನುಮಾನಿಸಿ.

ಮನೆಯಲ್ಲಿ, ಮೊದಲ ಕೆಲವು ಗಂಟೆ

ಗಟ್ಟಿ ಆಹಾರ ಕೂಡಲೇ ನಿಲ್ಲಿಸಿ. ಚೀಲಕ್ಕೆ ಇನ್ನೂ ಸ್ವಲ್ಪ ಬರುತ್ತಿದ್ದು, ವಾಂತಿ ಇಲ್ಲದಿದ್ದರೆ ಬೆಚ್ಚಗಿನ ಟೀ, ಓಆರ್‌ಎಸ್ ಮುಂತಾದ ದ್ರವವನ್ನು ಗುಟುಕು ಗುಟುಕಾಗಿ ಕುಡಿಯಬಹುದು. ಏನೂ ಬರುತ್ತಿಲ್ಲ, ಅಥವಾ ವಾಂತಿಯಾಗುತ್ತಿದೆ ಎಂದಾದರೆ ಬಾಯಿಗೆ ನೀರನ್ನೂ ಹಾಕದೆ ಆಸ್ಪತ್ರೆಗೆ ಹೊರಡಬೇಕು.

ಅಂಟಿಸಿದ ಚೀಲವನ್ನು ತೆಗೆದು ಸ್ಟೋಮಾ ನೋಡಿ. ಊದಿದ್ದರೆ ಹೊಸ ಚೀಲದ ತೂತನ್ನು ಎಂದಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಅಂಟಿಸಿ. ಹಳೆಯ ಅಳತೆಯ ತೂತು ಊದಿದ ಸ್ಟೋಮಾವನ್ನು ಉಂಗುರದಂತೆ ಬಿಗಿಯುತ್ತದೆ. ಲಂಗದ ಲಾಡಿ, ಉಡಿದಾರ, ಬೆಲ್ಟು ಸಡಿಲಿಸಿ. ಬಿಸಿನೀರಿನ ಸ್ನಾನ ಹೊಟ್ಟೆಯ ಸ್ನಾಯುಗಳ ಬಿಗಿತ ಇಳಿಸುತ್ತದೆ. ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ತೊಟ್ಟಿಲು ತೂಗಿದಂತೆ ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಾಡಬೇಕು. ಸ್ಟೋಮಾದ ಸುತ್ತಲಿನ ಹೊಟ್ಟೆಯನ್ನು ಅಂಗೈಯಿಂದ ಹಗುರವಾಗಿ ನೀವಬೇಕು. ಆಹಾರದ ಗಂಟು ಹೆಚ್ಚಾಗಿ ಸ್ಟೋಮಾದ ಹಿಂದೆಯೇ ಇರುವುದರಿಂದ ಈ ನೀವುವಿಕೆಗೆ ಅದು ಸಡಿಲವಾಗುವುದುಂಟು. ಆಗಾಗ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ಬನ್ನಿ. ಗಂಟು ಬಿಟ್ಟಾಗ ಒಮ್ಮೆಗೇ ಬಹಳಷ್ಟು ಬರುತ್ತದೆ, ನೋವು ಇಳಿಯುತ್ತದೆ. ಆಮೇಲೆ ಒಂದೆರಡು ದಿನ ಗಂಜಿ, ಮೆತ್ತನೆಯ ಅನ್ನ, ಮಜ್ಜಿಗೆ ಸಾಕು.

ಇಲಿಯಾಸ್ಟಮಿ ಇದ್ದು, ನೋವಿನ ಜೊತೆ ನಾಲ್ಕರಿಂದ ಆರು ಗಂಟೆ ಏನೂ ಹೊರಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ವಾಂತಿ, ಜ್ವರ, ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ನಿಂತುಬಿಡುವುದು, ಸ್ಟೋಮಾ ನೇರಳೆ ಅಥವಾ ಕಪ್ಪಗಾಗುವುದು, ಇವುಗಳಲ್ಲಿ ಒಂದು ಕಂಡರೂ ಗಂಟೆ ಎಣಿಸುವಂತಿಲ್ಲ. ಕರುಳಿಗೆ ರಕ್ತ ಹೋಗುವುದು ನಿಂತಿರಬಹುದು.

ಮಾಡಲೇಬಾರದ್ದು

ಹೊಟ್ಟೆ ಕಟ್ಟಿದರೆ ಹರಳೆಣ್ಣೆ ಕುಡಿಸುವುದು ನಮ್ಮ ಕಡೆ ಅಜ್ಜಿಯಂದಿರ ಕಾಲದ ರೂಢಿ. ತಡೆಯಾದ ಕರುಳಿಗೆ ಅದು ಅಪಾಯ. ಮುಂದೆ ಬಾಗಿಲು ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ಕರುಳು ಒಡೆಯಬಹುದು. ಭೇದಿ ಮಾಡಿಸುವ ಮಾತ್ರೆಗಳೂ ಹಾಗೆಯೇ. ಇಸಬ್ಗೋಲು ನೀರು ಹೀರಿ ಉಬ್ಬುವಂಥದ್ದು, ಗಂಟನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಸ್ಟೋಮಾದೊಳಗೆ ಬೆರಳು, ಸೋಪಿನ ತುಂಡು, ಎನಿಮಾ ಕೊಳವೆ ಹಾಕಬಾರದು. ಮನೆಯವರು ಪ್ರೀತಿಯಿಂದಲೇ ಇವನ್ನೆಲ್ಲ ಮಾಡಲು ಮುಂದಾಗುತ್ತಾರೆ, ಆದ್ದರಿಂದ ನೋವು ಬರುವ ಮೊದಲೇ ಕೂರಿಸಿಕೊಂಡು ಹೇಳಿಬಿಡಬೇಕು.

ಆಸ್ಪತ್ರೆಯಲ್ಲಿ

ಡ್ಯೂಟಿ ವೈದ್ಯರಿಗೆ ಮೊದಲು ಬೇಕಾಗುವುದು ಯಾವ ಕರುಳನ್ನು ಹೊರತಂದಿದ್ದಾರೆ ಎಂಬ ಮಾಹಿತಿ. ಇಲಿಯಾಸ್ಟಮಿಯನ್ನು ಕೊಲಾಸ್ಟಮಿ ಎಂದುಕೊಂಡರೆ ಚಿಕಿತ್ಸೆಯೇ ತಪ್ಪಬಹುದು. ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ರಕ್ತನಾಳದ ಮೂಲಕ ನೀರು, ಲವಣ ಕೊಟ್ಟು, ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನಿನಲ್ಲಿ ತಡೆ ಎಲ್ಲಿದೆಯೆಂದು ನೋಡುತ್ತಾರೆ. ವಾಂತಿಯಿದ್ದರೆ ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಒತ್ತಡ ಇಳಿಸುತ್ತಾರೆ. ಆಹಾರದ ಗಂಟಾದರೆ ತರಬೇತಿ ಪಡೆದವರು ಸ್ಟೋಮಾದೊಳಗೆ ಮೆತ್ತನೆಯ ಕ್ಯಾತಿಟರ್ ಇಟ್ಟು, ಸ್ವಲ್ಪ ಸ್ವಲ್ಪವೇ ಸಲೈನ್ ಬಿಟ್ಟು ತೊಳೆದು ತೆಗೆಯುತ್ತಾರೆ. ಮನೆಯಲ್ಲಿ ಇದನ್ನು ಅನುಕರಿಸಬಾರದು. ಅಂಟಿನಿಂದಾದ ತಡೆಯಲ್ಲೂ ಬಹಳಷ್ಟು ಸಲ ಕರುಳಿಗೆ ವಿಶ್ರಾಂತಿ ಕೊಟ್ಟರೆ ಬಿಡುತ್ತದೆ, ಬಿಡದಿದ್ದರೆ ಆಪರೇಷನ್.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಮೆಲ್ಲಗೆ ಕರಗುವ, ಮೇಲೆ ಲೇಪವಿರುವ ಮಾತ್ರೆಗಳು ಇಲಿಯಾಸ್ಟಮಿಯವರಲ್ಲಿ ಕರಗದೆ ಇಡಿಯಾಗಿ ಚೀಲಕ್ಕೆ ಬೀಳಬಹುದು. ಹಾಗೆ ಕಂಡರೆ ವೈದ್ಯರಿಗೆ ತಿಳಿಸಿ, ದ್ರವ ರೂಪದಲ್ಲಿ ಬರೆಸಿಕೊಳ್ಳಿ.

ನೀರಲ್ಲ, ಉಪ್ಪು ನೀರು

ದೊಡ್ಡ ಕರುಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರು ನೀರನ್ನು ಮೈಗೆ ಮರಳಿಸುತ್ತದೆ. ಇಲಿಯಾಸ್ಟಮಿಯವರಿಗೆ ಆ ಉಳಿತಾಯವಿಲ್ಲ. ಅವರ ಚೀಲಕ್ಕೆ ದಿನಕ್ಕೆ ಅರ್ಧದಿಂದ ಒಂದು ಲೀಟರು ಬರುವುದು ಸಹಜ. ಒಂದೂವರೆ ಲೀಟರು ದಾಟಿದರೆ ವೈದ್ಯರಿಗೆ ತಿಳಿಸಬೇಕು. ಹಾಗೆ ಹೋದ ಒಂದು ಲೀಟರಿನಲ್ಲಿ ಸುಮಾರು ಒಂದು ಟೀ ಚಮಚ ಉಪ್ಪು ಇರುತ್ತದೆ. ಪಾವಗಡದ ಬೇಸಿಗೆಯ ಬೆವರು ಅದರ ಮೇಲೆ ಬೇರೆ. ಬಾಯಾರಿತೆಂದು ಬರೀ ನೀರನ್ನು ತಂಬಿಗೆಗಟ್ಟಲೆ ಕುಡಿದರೆ ಕರುಳು ಇನ್ನಷ್ಟು ಉಪ್ಪನ್ನು ಒಳಕ್ಕೆ ಬಿಟ್ಟುಕೊಂಡು, ಚೀಲ ಇನ್ನೂ ಬೇಗ ತುಂಬುತ್ತದೆ. ಸುಸ್ತು, ಕಾಲಿನ ಮೀನಖಂಡ ಹಿಡಿಯುವುದು, ಕಡು ಹಳದಿ ಮೂತ್ರ, ಎದ್ದಾಗ ತಲೆಸುತ್ತು ಇದರ ಗುರುತು. ಕಡೆಗಣಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ, ದಿನವಿಡೀ ಗುಟುಕರಿಸಿ. ಪೊಟ್ಟಣವಿಲ್ಲದಾಗ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ತಾಲ್ಲೂಕಿದು, ಆದ್ದರಿಂದ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಒಳ್ಳೆಯವು. ಬಾಳೆಹಣ್ಣು, ಅನ್ನ, ಸಬ್ಬಕ್ಕಿ ಹರಿವನ್ನು ಗಟ್ಟಿ ಮಾಡುತ್ತವೆ. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪಿನ ಲೆಕ್ಕವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಕೊಲಾಸ್ಟಮಿಯವರಿಗೆ

ಇವರ ತೊಂದರೆ ಹೆಚ್ಚಾಗಿ ಮಲಬದ್ಧತೆ. ನೀರು ಕಡಿಮೆ ಕುಡಿಯುವುದು, ಕಬ್ಬಿಣದ ಮಾತ್ರೆ, ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧ ಇದಕ್ಕೆ ಕಾರಣ. ಇಲಿಯಾಸ್ಟಮಿಯವರಿಗೆ ಬೇಡವೆಂದ ಸೊಪ್ಪು, ಹಣ್ಣು ಇವರಿಗೆ ಹಿತ. ಒಂದೇ ಕೇರಿಯಲ್ಲಿ ಇಬ್ಬರು ಚೀಲದವರಿದ್ದರೆ ಒಬ್ಬರ ಪಥ್ಯವನ್ನು ಇನ್ನೊಬ್ಬರು ಹಿಡಿಯಬಾರದು. ಎರಡು ಮೂರು ದಿನ ಮಲ ಬಾರದಿದ್ದರೂ ಹೊಟ್ಟೆ ಮೆತ್ತಗಿದ್ದರೆ ವೈದ್ಯರು ಹೇಳಿದ ಔಷಧ ಸಾಕು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಬಂದರೆ ಅದು ಮಲಬದ್ಧತೆಯಲ್ಲ, ತಡೆ.

ಮಗ್ಗದ ಮುಂದೆ

ಗುಂಡಿ ಮಗ್ಗದಲ್ಲಿ ಕೂತವರ ಕಾಲು ಗುಂಡಿಯಲ್ಲಿ, ನೇಯ್ದ ಸೀರೆ ಸುತ್ತಿಕೊಳ್ಳುವ ದಿಂಡು ಕಿಬ್ಬೊಟ್ಟೆಯ ಎದುರಿಗೆ. ಮುಂದಕ್ಕೆ ಬಾಗಿದಾಗಲೆಲ್ಲ ಅದು ಹೊಟ್ಟೆಗೆ ಒತ್ತುತ್ತದೆ. ಸ್ಟೋಮಾ ಅಲ್ಲೇ ಇದ್ದರೆ ಚೀಲ ಒತ್ತಿಹೋಗಿ ಮಲ ಕೆಳಗಿಳಿಯದೆ ಸ್ಟೋಮಾದ ಸುತ್ತಲೇ ನಿಲ್ಲುತ್ತದೆ, ಅಂಟು ಬಿಡುತ್ತದೆ. ಆಪರೇಷನ್‌ಗೆ ಮೊದಲು ವೈದ್ಯರು ಅಥವಾ ಸ್ಟೋಮಾ ನರ್ಸ್ ರೋಗಿಯನ್ನು ಕೂರಿಸಿ, ಬಗ್ಗಿಸಿ, ಪೆನ್ನಿನಿಂದ ಜಾಗ ಗುರುತು ಮಾಡುತ್ತಾರೆ. ಆಗ ಸಂಕೋಚವಿಲ್ಲದೆ, ನಾನು ಮಗ್ಗದವನು, ಹೀಗೆ ಕೂರುತ್ತೇನೆ ಎಂದು ಕೂತು ತೋರಿಸಿ. ಹೆಂಗಸರು ಸೀರೆ ಕಟ್ಟುವ ಜಾಗವನ್ನೂ, ಗಂಡಸರು ಪಂಚೆ ಬಿಗಿಯುವ ಜಾಗವನ್ನೂ ತೋರಿಸಿ. ಕೆಲಸಕ್ಕೆ ಮರಳಿದ ಮೇಲೆ ಚೀಲ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಎದ್ದು ಖಾಲಿ ಮಾಡಿ ಬನ್ನಿ.

ಆಪರೇಷನ್ ಆದ ಮೊದಲ ಮೂರು ತಿಂಗಳು ಕಡ್ಲೆಕಾಯಿ ಮೂಟೆ, ನೀರಿನ ಬಿಂದಿಗೆ ಎತ್ತಬಾರದು. ಹರ್ನಿಯಾ ಶುರುವಾಗುವುದು ಅಲ್ಲಿಂದಲೇ. ಕೆಮ್ಮುವಾಗ, ಸೀನುವಾಗ ಅಂಗೈಯಿಂದ ಸ್ಟೋಮಾದ ಸುತ್ತ ಹೊಟ್ಟೆಯನ್ನು ಒತ್ತಿಹಿಡಿಯಿರಿ.

ಗೋಡೆಯ ಮೇಲಿನ ಚೀಟಿ

ಕ್ಯಾಲೆಂಡರಿನ ಪಕ್ಕ ಒಂದು ಚೀಟಿ ಅಂಟಿಸಿಡಿ. ಇಲಿಯಾಸ್ಟಮಿಯೋ ಕೊಲಾಸ್ಟಮಿಯೋ, ಯಾವ ಆಸ್ಪತ್ರೆಯಲ್ಲಿ ಯಾವ ದಿನ ಆಪರೇಷನ್ ಆಯಿತು, ವೈದ್ಯರ ನಂಬರು, ದಿನವೂ ತೆಗೆದುಕೊಳ್ಳುವ ಮಾತ್ರೆ, ಚೀಲದ ಅಳತೆ, ಇಷ್ಟು ದೊಡ್ಡ ಅಕ್ಷರದಲ್ಲಿರಲಿ. ಕೆಳಗೆ 108, ಮತ್ತು ಸಲಹೆ ಕೇಳಲು ರಾಜ್ಯದ ಆರೋಗ್ಯ ಸಹಾಯವಾಣಿ 104. ಡಿಸ್ಚಾರ್ಜ್ ಸಮ್ಮರಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಬಾಗಿಲ ಹಿಂದಿನ ಮೊಳೆಗೆ ಒಂದು ಕೈಚೀಲ ನೇತುಹಾಕಿ, ಅದರಲ್ಲಿ ಮೂರು ಹೊಸ ಚೀಲ, ಕತ್ತರಿ, ಹತ್ತಿ ಬಟ್ಟೆ, ಓಆರ್‌ಎಸ್ ಪೊಟ್ಟಣ, ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟುಬಿಡಿ. ಸ್ಟೋಮಾ ಚೀಲ ಹೋಬಳಿಯ ಮೆಡಿಕಲ್ ಸ್ಟೋರಿನಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ, ಹತ್ತು ಉಳಿದಿರುವಾಗಲೇ ಬೆಂಗಳೂರಿನಿಂದ ತರಿಸಿಕೊಳ್ಳಿ.